ಹನ್ನೊಂದು ಸೆಕೆಂಡು

ಶಿರಸಿಯಲ್ಲಿ ಯಲ್ಲಾಪುರದ ಬಸ್ಸು ಹತ್ತಿ ಕೂತಾಗ ಉದಯನಿಗೆ ಕಂಡಕ್ಟರ್ ಯಾರೆಂದು ಗೊತ್ತಿರಲಿಲ್ಲ. ಟಿಕೆಟ್ ಮಶೀನನ್ನು ಕೊರಳಿಗೆ ನೇತುಹಾಕಿಕೊಂಡ ಹೆಂಗಸೊಬ್ಬಳು ಮುಂದಿನಿಂದ ಒಂದೊಂದೇ ಸೀಟು ಮುಗಿಸುತ್ತ ಬಂದು ಅವನ ಪಕ್ಕ ನಿಂತು, "ಎಲ್ಲಿಗೆ?" ಎಂದಳು.

"ಯಲ್ಲಾಪುರ," ಎಂದು ತಲೆ ಎತ್ತಿದ.

ಕಾವ್ಯಶ್ರೀ. ಭರತನ ಹೆಂಡತಿ. ಅವಳನ್ನು ಅವನು ಎದುರೆದುರು ನೋಡಿದ್ದು ಇದೇ ಮೊದಲು. ಭರತನ ಮೊಬೈಲಿನಲ್ಲಿ, ವಿಡಿಯೋ ಕಾಲಿನಲ್ಲಿ, ಎಷ್ಟೋ ಸಲ ನೋಡಿದ್ದ. "ನಮ್ಮ ಹವಾಲ್ದಾರ್ ಸಾಬ್, ಸಿದ್ದಾಪುರದವ್ರು, ನಮ್ಮೂರಿನವ್ರೇ ಅಂತ ತಿಳ್ಕ," ಎಂದು ಭರತ ಮೊಬೈಲನ್ನು ಇವನ ಮುಖಕ್ಕೆ ಹಿಡಿಯುತ್ತಿದ್ದ. ಆಗೆಲ್ಲ ಅವಳು ನಗುತ್ತಿದ್ದಳು.

ಅವಳೂ ಗುರುತು ಹಿಡಿದಳು. ಮಶೀನಿನ ಮೇಲಿದ್ದ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಒತ್ತಿದಳು. ಚೀಟಿ ಹೊರಗೆ ಬಂತು.

"ಮಾವ ಹೇಳಿದ್ರು, ನೀವು ಇವತ್ತು ಬರ್ತೀರಿ ಅಂತ," ಎಂದಳು. "ಇದೇ ಬಸ್ಸಿಗೆ ಅಂತ ಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ ತಂಗಿ."

ಅವಳು ಹಿಂದಿನ ಸೀಟಿಗೆ ಹೋದಳು. ಸೋಂದಾ ಕ್ರಾಸಿನಲ್ಲಿ ಮಠಕ್ಕೆ ಹೋಗುವವರ ಗುಂಪೊಂದು ಇಳಿಯಿತು. ಮಂಚೀಕೇರಿಯಲ್ಲಿ ಕಾಲೇಜಿನ ಹುಡುಗಿಯರು ತುಂಬಿಕೊಂಡರು. ಅವರಿಗೆಲ್ಲ ಅವಳು ಆಧಾರ್ ನೋಡಿ ಉಚಿತ ಚೀಟಿ ಹರಿದುಕೊಟ್ಟಳು, ಉಳಿದವರಿಗೆ ಚಿಲ್ಲರೆ ಕೊಟ್ಟಳು, ಒಬ್ಬ ಮುದುಕನಿಗೆ ಸೀಟು ಬಿಡಿಸಿಕೊಟ್ಟಳು. ಉದಯ ಅವಳನ್ನೇ ನೋಡುತ್ತ ಕೂತ. ತನಗೆ ಏನಾದರೂ ಅನಿಸಬೇಕಿತ್ತು ಎಂದು ಅವನಿಗೆ ಗೊತ್ತಿತ್ತು. ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿದೆ ಎಂಬುದಷ್ಟೇ ಅನಿಸಿತು.

ಭರತ ಸತ್ತು ಮೂರು ತಿಂಗಳಾಗಿತ್ತು. ಗಡಿಯಲ್ಲಿ ಗುಂಡು ಹಾರಿದ್ದು ಐದೇ ದಿನ. ಆರನೆಯ ದಿನ ಎರಡೂ ಕಡೆಯವರು ಮಾತಾಡಿಕೊಂಡು ನಿಲ್ಲಿಸಿದರು. ಭರತ ಹೋದದ್ದು ಮೂರನೆಯ ದಿನ. ದೇಹ ಊರಿಗೆ ಬಂತು, ಮೆರವಣಿಗೆ ಆಯಿತು, ಮಂತ್ರಿಯೊಬ್ಬರು ಬಂದು ಹೋದರು. ಆಗ ಉದಯ ಗಡಿಯಲ್ಲೇ ಇದ್ದ. ಈಗ ರಜೆ ಸಿಕ್ಕಿತ್ತು. ರಜೆಯ ನಾಲ್ಕನೆಯ ದಿನ ಭರತನ ಅಪ್ಪ ಮಂಜಪ್ಪ ಫೋನು ಮಾಡಿದ್ದರು. ಅವರೂ ತೋಪುಖಾನೆಯಲ್ಲಿ ಹದಿನೇಳು ವರ್ಷ ದುಡಿದು, ಕಾರ್ಗಿಲ್ ನೋಡಿ, ಈಗ ಯಲ್ಲಾಪುರದ ಬ್ಯಾಂಕೊಂದರಲ್ಲಿ ಬಂದೂಕು ಹಿಡಿದು ಬಾಗಿಲು ಕಾಯುವವರು.

"ಒಂದ್ಸಲ ಬಂದು ಹೋಗು ತಮಾ," ಎಂದಿದ್ದರು. "ನಂಗೊಂದು ಕೇಳದು ಅದೆ."

ಹೋಗಬೇಡಿ ಎಂದು ಹೆಂಡತಿ ಗಂಗೆ ಹೇಳಿದ್ದಳು. ಹೋಗದಿದ್ದರೂ ನಡೆಯುತ್ತಿತ್ತು. ಆದರೆ ಹೋಗುವುದು, ಹೋಗದಿರುವುದು ಎರಡೂ ಅವನಿಗೆ ಒಂದೇ ಆಗಿತ್ತು. ಅದಕ್ಕೇ ಹೊರಟು ಬಂದಿದ್ದ.

ಯಲ್ಲಾಪುರದಲ್ಲಿ ಇಳಿಯುವಾಗ ಕಾವ್ಯಶ್ರೀ, "ನಂಗೆ ಇನ್ನೊಂದು ಟ್ರಿಪ್ಪು ಅದೆ. ಮಧ್ಯಾಹ್ನ ಬರ್ತೆ, ಊಟಕ್ಕೆ ಇರಿ," ಎಂದಳು. ಅವನು ತಲೆಯಾಡಿಸಿದ.

ಮಂಜಪ್ಪನವರ ಮನೆ ಮಾಗೋಡು ರಸ್ತೆಯಲ್ಲಿ, ಪೇಟೆ ಮುಗಿಯುವಲ್ಲಿ. ಸಿಮೆಂಟು ಶೀಟಿನ ಮನೆ. ಹಿಂದೆ ಎರಡು ಗದ್ದೆ, ಕೊಯ್ಲಾಗಿ ಕೂಳೆ ಒಣಗಿ ನಿಂತಿತ್ತು. ಜಗಲಿಯ ಗೋಡೆಗೆ ಎರಡು ಫೋಟೋ: ಒಂದರಲ್ಲಿ ಮೀಸೆ ಬಿಟ್ಟ ಹರೆಯದ ಮಂಜಪ್ಪ, ಇನ್ನೊಂದರಲ್ಲಿ ಭರತ. ಎರಡರಲ್ಲೂ ಒಂದೇ ಬಗೆಯ ಟೊಪ್ಪಿ.

ಮಂಜಪ್ಪ ಬ್ಯಾಂಕಿಗೆ ರಜೆ ಹಾಕಿದ್ದರು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ಉದಯ ಕುಡಿದು ಲೋಟ ಕೆಳಗಿಡುವವರೆಗೆ ಕಾದರು.

"ಪೇಪರಿನವ್ರು ಬರೆದದ್ದು ಓದಿದೆ. ನಿಮ್ಮ ಕರ್ನಲ್ ಸಾಹೇಬ್ರು ಬರೆದ ಪತ್ರಾನೂ ಓದಿದೆ," ಎಂದರು. "ಗನ್ನು ಜಾಗ ಬದಲಿಸುವಾಗ ಶತ್ರುವಿನ ದಾಳಿಗೆ ಸಿಕ್ಕಿ ವೀರಮರಣ ಅಂತ ಅದೆ. ಜಾಗ ಬದಲಿಸಿ ಅಂತ ಆರ್ಡರ್ ಕೊಟ್ಟಿದ್ದು ಯಾರು?"

"ನಾನೇ ಮಾವ."

"ನಿಂಗೆ ಮೇಲಿಂದ ಯಾರು ಹೇಳಿದ್ದು ಅಂತ ಕೇಳ್ತಿದ್ದೆ."

"ಯಾರೂ ಹೇಳಿಲ್ಲ. ಈಗ ಹಾಂಗಿಲ್ಲ."

ಮಂಜಪ್ಪ ಅವನನ್ನೇ ನೋಡಿದರು. ಸಿಟ್ಟಿರಲಿಲ್ಲ. ಅರ್ಥವಾಗದ ಮುಖ. "ನಮ್ಮ ಕಾಲದಲ್ಲಿ ಆರು ಗನ್ನು ಒಂದೇ ಸಾಲಲ್ಲಿ ಇರ್ತಿದ್ವು," ಎಂದರು. "ನೆಲದ ಮೇಲೆ ತಂತಿ. ಹಿಂದೆ ಕಮಾಂಡ್ ಪೋಸ್ಟು. ಗುಡ್ಡದ ಮೇಲೆ ಕೂತ ಆಫೀಸರು ಅವ್ರಿಗೆ ಹೇಳ್ತಿದ್ರು, ಅವ್ರು ಲೆಕ್ಕ ಮಾಡಿ ನಮಗೆ ಹೇಳ್ತಿದ್ರು. ಫೈರ್ ಅಂದ್ರೆ ಫೈರ್. ನಿಲ್ಲಿಸು ಅಂದ್ರೆ ನಿಲ್ಲಿಸದು. ನಾ ಹಾರಿಸಿದ ಒಂದೇ ಒಂದು ಶೆಲ್ಲು ಎಲ್ಲಿ ಬಿತ್ತು ಅಂತ ನಾ ನೋಡಿಲ್ಲ. ಈಗ ಹ್ಯಾಂಗೆ? ಹೇಳು."

ಉದಯ ಹೇಳಿದ. ಹೊರಗೆ ಹೇಳಬಾರದ ಕೆಲವನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ. ಭರತನ ಸಾವಿನ ವಿಚಾರಣೆಗೆ ಕೂತ ಕೋರ್ಟ್ ಆಫ್ ಎನ್‌ಕ್ವಾಯರಿಯಲ್ಲಿ ಮೂರು ಸಲ ಹೇಳಿದ್ದರಿಂದ ಮಾತುಗಳು ತಾವಾಗಿಯೇ ಸಾಲಾಗಿ ಬಂದವು.

ಈಗ ಗನ್ನು, ಅಂದರೆ ತೋಪು, ಲಾರಿಯ ಮೇಲೆಯೇ ಇರುತ್ತದೆ. ಆರು ಗನ್ನನ್ನು ಒಂದೆಡೆ ನಿಲ್ಲಿಸಿದರೆ ಮೇಲಿಂದ ಡ್ರೋನಿಗೆ ಕಾಣುತ್ತದೆ, ಒಂದೇ ಏಟಿಗೆ ಆರೂ ಹೋಗುತ್ತವೆ. ಆದ್ದರಿಂದ ಒಂದೊಂದೂ ಮೈಲಿ ದೂರ, ಕಿತ್ತಳೆ ತೋಟದಲ್ಲಿ ಒಂದು, ಇಟ್ಟಿಗೆ ಭಟ್ಟಿಯ ಹಿಂದೆ ಒಂದು, ಕಾಲುವೆಯ ಪಕ್ಕ ಒಂದು, ಅದು ಉದಯನದು. ಪ್ರತಿ ಗನ್ನಿನ ಕಮಾಂಡರನ ಕೈಯಲ್ಲಿ ಒಂದು ಟ್ಯಾಬು. ನಮ್ಮ ಡ್ರೋನು ನೋಡಿದ್ದು, ರೇಡಾರು ಹಿಡಿದದ್ದು, ಮುಂದಿನ ಠಾಣೆಯ ಜವಾನ ಕಂಡದ್ದು, ಎಲ್ಲವೂ ಆ ಟ್ಯಾಬಿನಲ್ಲಿ ಚುಕ್ಕಿಯಾಗಿ ಮೂಡುತ್ತದೆ. ಎಲ್ಲ ಗನ್ನಿನವರಿಗೂ ಒಂದೇ ಚಿತ್ರ ಕಾಣುತ್ತದೆ. ಯಾರಿಗೆ ಹತ್ತಿರವೋ ಅವರು ಚುಕ್ಕಿಯ ಮೇಲೆ ಬೆರಳಿಟ್ಟರೆ ಅದು ಅವರದು. ಲೆಕ್ಕವನ್ನು ಮಶೀನೇ ಮಾಡುತ್ತದೆ. ಮೇಜರ್ ಸಾಹೇಬರು ಮೊದಲ ದಿನವೇ ಹೇಳಿದ್ದರು: ನನ್ನನ್ನು ಕೇಳುತ್ತ ಕೂರಬೇಡಿ, ಕೇಳಿ ಉತ್ತರ ಬರುವಷ್ಟರಲ್ಲಿ ನೀವಿರುವುದಿಲ್ಲ, ನಿಮ್ಮ ಗನ್ನಿಗೆ ನೀವೇ ಜನರಲ್.

"ಗುಂಡು ಹಾರಿಸಿದ ಮೇಲೆ?" ಎಂದು ಮಂಜಪ್ಪ ಕೇಳಿದರು.

"ಓಡದು. ನಮ್ಮ ಶೆಲ್ಲು ಗಾಳೀಲಿ ಇರುವಾಗ್ಲೇ ಅದು ಎಲ್ಲಿಂದ ಹೊರಟಿದ್ದು ಅಂತ ಅವ್ರ ರೇಡಾರಿಗೆ ಗೊತ್ತಾಗ್ತದೆ. ಒಂದು ನಿಮಿಷದೊಳಗೆ ಜಾಗ ಖಾಲಿ ಮಾಡ್ಬೇಕು."

"ಹೂಂ. ಭರತ ಎಲ್ಲಿದ್ದ?"

"ಆಂಟೆನಾದ ಹತ್ರ."

ಆಂಟೆನಾವನ್ನು ಗನ್ನಿನ ಪಕ್ಕ ಇಡುವಂತಿಲ್ಲ. ಅದು ಮಾತಾಡುವಾಗ ಆಚೆಯವರು ಅದನ್ನು ಮೂಸಿ ಹಿಡಿಯುತ್ತಾರೆ. ಆದ್ದರಿಂದ ಅರವತ್ತೈದು ಹೆಜ್ಜೆ ದೂರ, ಕಾಲುವೆಯ ದಂಡೆಯ ಮೇಲೆ ನಿಲ್ಲಿಸಿ ಕೇಬಲ್ ಎಳೆದಿದ್ದರು. ಅದನ್ನು ನೋಡಿಕೊಳ್ಳುವುದು ಭರತನ ಕೆಲಸ. ಕೊನೆಯ ಗುಂಡು ಹೋದ ತಕ್ಷಣ ಅವನು ಕಂಬ ಮಡಚಿ, ಕೇಬಲ್ ಸುತ್ತಿ, ಹೊತ್ತುಕೊಂಡು ಓಡಿ ಬಂದು ಲಾರಿ ಹತ್ತಬೇಕು. ಅಭ್ಯಾಸದಲ್ಲಿ ಐವತ್ತು ಸೆಕೆಂಡು ಹಿಡಿಯುತ್ತಿತ್ತು.

ಆ ದಿನ ಮಧ್ಯಾಹ್ನ ಚುಕ್ಕಿಯೊಂದು ಮೂಡಿತು. ಆಚೆಯವರ ರಾಕೆಟ್ ಲಾರಿ. ಉದಯ ಬೆರಳಿಟ್ಟ. ನಾಲ್ಕು ಗುಂಡು ಹಾರಿಸಿದರು. ಕೊನೆಯದು ಹೋಗಿ ಮೂವತ್ತು ಸೆಕೆಂಡಿಗೆ, ಲಾರಿಯ ಮೇಲಿನ ಚಿಕ್ಕ ರೇಡಾರಿನಿಂದ, ಟ್ಯಾಬಿನಲ್ಲಿ ಕೆಂಪು ತ್ರಿಕೋನ ಬಂತು: ತಮ್ಮ ಕಡೆಗೇ ಏನೋ ಬರುತ್ತಿದೆ. ನಲವತ್ತೊಂದಕ್ಕೆ ಲಾರಿ ಸಿದ್ಧವಾಯಿತು. ಒಳಗೆ ಐದು ಜನ. ಭರತ ಇರಲಿಲ್ಲ. ದಂಡೆಯ ಇಳಿಜಾರಿನಲ್ಲಿ ಕೇಬಲ್ಲು ಜಾಲಿಗಿಡಕ್ಕೆ ಸಿಕ್ಕಿಕೊಂಡಿತ್ತು. ಅವನು ಬಗ್ಗಿ ಅದನ್ನು ಬಿಡಿಸುತ್ತಿದ್ದ. ಉದಯ ಕೂಗಿದ. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಭರತ ಒಂದು ಕೈ ಮೇಲೆತ್ತಿದ.

"ಕೈ ಎತ್ತಿದ್ದು ಎಂತಕ್ಕೆ? ನಿಲ್ಲು ಅಂತಾನಾ, ಹೋಗು ಅಂತಾನಾ?"

"ಗೊತ್ತಾಗ್ಲಿಲ್ಲ ಮಾವ. ಈಗ್ಲೂ ಗೊತ್ತಿಲ್ಲ."

"ಆಮೇಲೆ?"

"ಐವತ್ತೆರಡಕ್ಕೆ ಹೊರಡು ಅಂದೆ. ಐವತ್ತೆಂಟಕ್ಕೆ ಬಿತ್ತು."

"ಅಂದ್ರೆ ಹನ್ನೊಂದು ಸೆಕೆಂಡು ಕಾದೆ."

"ಹೌದು. ಲಾಗಿನಲ್ಲಿ ಅದೆ."

ಟ್ಯಾಬು ತಾನೇ ಬರೆದಿಟ್ಟುಕೊಳ್ಳುವ ಆ ಲಾಗಿನಲ್ಲಿ ಎಲ್ಲವೂ ಇತ್ತು. ಬೆರಳಿಟ್ಟ ಹೊತ್ತು, ಗುಂಡು ಹೊರಟ ಹೊತ್ತು, ಲಾರಿಯ ಚಕ್ರ ತಿರುಗಿದ ಹೊತ್ತು. ಎನ್‌ಕ್ವಾಯರಿಯ ಕರ್ನಲ್ ಅದನ್ನು ಓದಿ, ನಿರ್ಧಾರ ನಿನ್ನದಾಗಿತ್ತು, ಸರಿಯಾಗಿತ್ತು, ಐದು ಜನ ಉಳಿದರು ಎಂದಿದ್ದರು. ಆಮೇಲೆ ಅವನ ಹೆಗಲ ಮೇಲೆ ಕೈ ಇಟ್ಟಿದ್ದರು. ಆ ಕೈ ಭಾರವಾಗಿತ್ತು ಎಂಬುದು ಅವನಿಗೆ ನೆನಪಿತ್ತು.

ಮಂಜಪ್ಪ ರಸ್ತೆಯ ಕಡೆ ನೋಡಿದರು. ರಸ್ತೆಯಲ್ಲಿ ಟೂರಿಸ್ಟ್ ಜೀಪೊಂದು ಮಾಗೋಡು ಜಲಪಾತದ ಕಡೆಗೆ ಹಾಡು ಹಾಕಿಕೊಂಡು ಹೋಯಿತು. ಅದರ ಸದ್ದು ಅಡಗಿದ ಮೇಲೆ ಎದ್ದರು.

"ಆ ಸಾಮಾನು ಎಷ್ಟು ಭಾರ ಇತ್ತು?"

"ಕಂಬ, ಕೇಬಲ್ಲು, ಪೆಟ್ಟಿಗೆ ಎಲ್ಲ ಸೇರಿ ಹದಿನೆಂಟು ಕೇಜಿ."

ಅವರು ಹಿತ್ತಲಿಗೆ ಹೋಗಿ ಪಂಪಿನ ಕಪ್ಪು ಪೈಪಿನ ಸುರುಳಿ ತಂದರು. ಕಂಬದ ಬದಲಿಗೆ ಕಾಯಿ ಕೀಳುವ ದೋಟಿ ತಂದರು. ಸಿಮೆಂಟು ಚೀಲವೊಂದಕ್ಕೆ ಮಣ್ಣು ತುಂಬಿ, ತೂಗಿ ನೋಡುವವರ ಹಾಗೆ ಎತ್ತಿ ನೋಡಿ, ಇನ್ನೂ ಎರಡು ಬೊಗಸೆ ಹಾಕಿದರು. ಉದಯ ಕೇಳಲಿಲ್ಲ. ಅವರ ಹಿಂದೆ ಗದ್ದೆಗೆ ನಡೆದ.

"ಅರವತ್ತೈದು ಹೆಜ್ಜೆ ಅಳಿ. ನಿನ್ನ ಹೆಜ್ಜೆ."

ಉದಯ ಅಳೆದ. ಗದ್ದೆಯ ಅಂಚಿನಲ್ಲಿ ಒಂದು ಕಲ್ಲು ಇಟ್ಟ. ಆ ತುದಿಯಲ್ಲಿ ಮಂಜಪ್ಪ ದೋಟಿಯನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಿ, ಪೈಪನ್ನು ಗದ್ದೆಯ ಉದ್ದಕ್ಕೂ ಬಿಡಿಸಿ ಹಾಸಿದರು. ಪಂಚೆ ಎತ್ತಿ ಕಟ್ಟಿದರು. ಅವರಿಗೆ ಐವತ್ತೊಂಬತ್ತು.

"ಮಾವ, ಬೇಡ."

"ನೀ ಮೊಬೈಲಿನಲ್ಲಿ ಹೊತ್ತು ನೋಡು. ಹೂಂ ಅನ್ನು."

"ಹೂಂ."

ಅವರು ದೋಟಿ ಕಿತ್ತರು, ಪೈಪು ಸುತ್ತುತ್ತ ಬಂದರು. ಅರ್ಧ ಗದ್ದೆಗೆ ಬರುವಾಗ ಚೀಲ ಜಾರಿತು. ಎತ್ತಿಕೊಂಡರು. ಕಲ್ಲಿನ ಹತ್ತಿರ ಬಂದು ಮಂಡಿಗೆ ಕೈ ಊರಿ ನಿಂತರು.

"ಎಷ್ಟು?"

"ಒಂದು ನಿಮಿಷ ಇಪ್ಪತ್ತು."

"ಇನ್ನೊಂದ್ಸಲ."

ಎರಡನೆಯ ಸಲ ಒಂದು ನಿಮಿಷ ಹನ್ನೆರಡು. ಮೂರನೆಯ ಸಲ ಹೆಚ್ಚಾಯಿತು. ಉಸಿರು ಸಿಳ್ಳೆ ಹಾಕುತ್ತಿತ್ತು. ಉದಯ ಪ್ರತಿ ಸಲವೂ ಹೊತ್ತು ಹೇಳಿದ. ತಾನು ಮಾಡುತ್ತಿರುವುದು ವಿಚಿತ್ರ ಎಂದು ಅವನಿಗೆ ಅನಿಸಲಿಲ್ಲ. ಅಭ್ಯಾಸದ ದಿನ ಹೀಗೇ ನಿಂತು ಹೊತ್ತು ಹೇಳುವುದು ಅವನ ಕೆಲಸವಾಗಿತ್ತು.

ಕಾವ್ಯಶ್ರೀ ಬಂದದ್ದು ಆಗ. ಖಾಕಿ ಅಂಗಿ ಹಾಗೇ ಇತ್ತು. ಅಂಚಿನ ಮೇಲೆ ನಿಂತು ಇಬ್ಬರನ್ನೂ ನೋಡಿದಳು. ಮಾವ ನೆಲಕ್ಕೆ ಕೂತುಬಿಟ್ಟಿದ್ದರು.

"ಎಂತ ಮಾಡ್ತಿದ್ರಿ ಇಲ್ಲಿ?"

ಅವಳು ಉದಯನ ಕಡೆ ತಿರುಗಿದಳು. ಅವನು ನಾಲ್ಕು ಮಾತಿನಲ್ಲಿ ಹೇಳಿದ. ಕೈ ಎತ್ತಿದ್ದನ್ನೂ ಹೇಳಿದ. ಅವಳು ಕೇಳಿಸಿಕೊಂಡು ಚಪ್ಪಲಿ ಬಿಟ್ಟಳು, ಚೂಡಿದಾರದ ಕಾಲು ಮೇಲೆ ಮಡಚಿದಳು. ಪೈಪನ್ನು ಮತ್ತೆ ಹಾಸಿ ಆ ತುದಿಗೆ ಹೋಗಿ ನಿಂತಳು.

"ಹೂಂ ಅನ್ನಿ ಉದಯಣ್ಣ."

ಅವಳಿಗೆ ಐವತ್ತೈದು ಸೆಕೆಂಡು ಹಿಡಿಯಿತು. ಮಂಜಪ್ಪ ಕೂತಲ್ಲಿಂದಲೇ, "ಸಾಮಾನು ಅಲ್ಲೇ ಬಿಟ್ಟು ಬಾ ನೋಡ್ವ," ಎಂದರು. ಅವಳು ಮತ್ತೆ ಆಚೆ ಹೋದಳು. ಈ ಸಲ ಬರಿಗೈಯಲ್ಲಿ ಓಡಿದಳು. ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಕಲ್ಲು ದಾಟಿ ನಿಂತಳು.

"ಹದಿನಾರು," ಎಂದ ಉದಯ.

ಲೆಕ್ಕ ದೊಡ್ಡದಲ್ಲ. ಕೆಂಪು ತ್ರಿಕೋನ ಬಂದದ್ದು ಮೂವತ್ತಕ್ಕೆ. ಆಗ ಎಲ್ಲವನ್ನೂ ಎಸೆದು ಓಡಿದ್ದರೆ ನಲವತ್ತಾರು. ಲಾರಿ ಹೊರಟದ್ದು ಐವತ್ತೆರಡಕ್ಕೆ.

"ಅವ್ರ ಹತ್ರ ಟ್ಯಾಬು ಇರ್ಲಿಲ್ವಾ?" ಕಾವ್ಯಶ್ರೀ ಕೇಳಿದಳು. "ಕೆಂಪು ಬಂದಿದ್ದು ಅವ್ರಿಗೆ ಕಾಣ್ಲಿಲ್ವಾ?"

"ಇಲ್ಲ. ಆಂಟೆನಾ ಕಿತ್ತ ಮೇಲೆ ಅವನ ಹೆಡ್‌ಸೆಟ್ಟಿಗೂ ಏನೂ ಬರಲ್ಲ. ಎಲ್ಲರಿಗೂ ಎಲ್ಲಾ ಕಾಣ್ತಿತ್ತು. ಅದನ್ನ ಕಾಣಿಸೋನಿಗೆ ಮಾತ್ರ ಕಾಣ್ತಿರ್ಲಿಲ್ಲ."

"ಅಪಾಯ ಬಂದ್ರೆ ಬಿಟ್ಟು ಬಾ ಅಂತ ಮೊದ್ಲೇ ಹೇಳಿರ್ಲಿಲ್ವಾ?"

"ಇಲ್ಲ ತಂಗಿ. ಆಂಟೆನಾ ಇಲ್ಲ ಅಂದ್ರೆ ನಮ್ಮ ಗನ್ನು ಕುರುಡು. ಏನೇ ಆದ್ರೂ ತರ್ಬೇಕು ಅಂತ ನಾನೇ ಕಲಿಸಿದ್ದು."

ಅವನಿಗೆ ಅದನ್ನು ಹೇಳಿ ಮುಗಿಸಿದಾಗಲೂ ಏನೂ ಅನಿಸಲಿಲ್ಲ. ಅವಳು ಹೊಡೆಯಬಹುದು ಎಂದುಕೊಂಡ. ಹೊಡೆದರೆ ಒಳ್ಳೆಯದು ಎಂದೂ ಅನಿಸಲಿಲ್ಲ.

ಮಂಜಪ್ಪ ಕೂಳೆಯ ಕಡ್ಡಿಯೊಂದನ್ನು ಮುರಿಯುತ್ತಿದ್ದರು. "ನೀ ಅಷ್ಟೇ ಅಲ್ಲ," ಎಂದರು. ಧ್ವನಿ ಬಹಳ ಸಣ್ಣದಾಗಿತ್ತು. "ಅವ ಭರ್ತಿಯಾಗಿ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ನಾ ಒಂದೇ ಮಾತು ಹೇಳಿದ್ದೆ. ತಂತಿ ಬಿಟ್ಟು ಬಂದವ ಗನ್ನರ್ ಅಲ್ಲ ಅಂತ. ನಮ್ಮ ಕಾಲದಲ್ಲಿ ಹಾಂಗೆ. ತಂತಿ ಬಿಟ್ಟು ಬಂದವ್ರಿಗೆ ಮರ್ಯಾದೆ ಇರ್ಲಿಲ್ಲ. ಫೋನು ಮಾಡಿದಾಗೆಲ್ಲ ಅವ ನಗಾಡ್ತಿದ್ದ, ಅಪ್ಪಾ, ಇವತ್ತೂ ತಂತಿ ತಂದೆ ಅಂತ."

ಕಾವ್ಯಶ್ರೀ ಮಾವನ ಪಕ್ಕ ಕೂತಳು. ಅವರ ಬೆನ್ನಿಗೆ ಅಂಟಿದ್ದ ಹುಲ್ಲನ್ನು ಒಂದೊಂದಾಗಿ ತೆಗೆದಳು. ಅವರು ಅಳುತ್ತಿದ್ದರೋ, ಉಸಿರೇ ಹಾಗಿತ್ತೋ, ಉದಯ ನಿಂತಲ್ಲಿಗೆ ತಿಳಿಯಲಿಲ್ಲ.

ಊಟಕ್ಕೆ ಕೂತರು. ಅನ್ನ, ತಂಬುಳಿ, ಹುರಿದ ಮೀನು. ಮಂಜಪ್ಪ ಎರಡು ತುತ್ತು ತಿಂದು ಕೈ ತೊಳೆದು ಒಳಗೆ ಮಲಗಿದರು. ಕಾವ್ಯಶ್ರೀ ಉದಯನಿಗೆ ಇನ್ನೊಮ್ಮೆ ಅನ್ನ ಬಡಿಸಿ ಎದುರು ಕೂತಳು.

"ಆ ದಿನ ಬೆಳಿಗ್ಗೆ ಅವ್ರು ಎಂತ ಮಾತಾಡಿದ್ರು?" ಎಂದು ಕೇಳಿದಳು. "ಎಂತ ತಿಂದಿದ್ರು? ನಂಗೆ ಅಷ್ಟು ಹೇಳಿ ಸಾಕು."

ಉದಯ ಯೋಚಿಸಿದ. ಬೆಳಿಗ್ಗೆ ಎಷ್ಟು ಗಂಟೆಗೆ ಆಂಟೆನಾ ನಿಲ್ಲಿಸಿದರು ಎಂಬುದು ನೆನಪಿತ್ತು. ಬ್ಯಾಟರಿ ಎಷ್ಟು ಉಳಿದಿತ್ತು ಎಂಬುದು ನೆನಪಿತ್ತು. ಭರತನ ಬಾಯಿ ಅಲ್ಲಾಡುತ್ತಿರುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

"ನೆನಪಿಲ್ಲ ತಂಗಿ," ಎಂದ.

ಅವಳು ತಲೆಯಾಡಿಸಿದಳು. "ಅದಾದ ಮೇಲೆ ನೀವು ಎಂತ ಮಾಡಿದ್ರಿ?"

"ಮತ್ತೊಂದು ಜಾಗಕ್ಕೆ ಹೋದ್ವಿ. ಬೇರೆ ಆಂಟೆನಾ ಇತ್ತು, ನಿಲ್ಲಿಸಿದ್ವಿ. ನಲವತ್ತು ನಿಮಿಷಕ್ಕೆ ಮತ್ತೊಂದು ಚುಕ್ಕಿ ಬಂತು."

"ಒತ್ತಿದ್ರಾ?"

"ಒತ್ತಿದೆ."

"ಕೈ ನಡುಗ್ಲಿಲ್ವಾ?"

"ಇಲ್ಲ." ಅನ್ನ ಕಲಸುತ್ತ ಹೇಳಿದ, "ಈಗ ಹಾರಿಸಿದ್ದು ಎಲ್ಲಿ ಬಿತ್ತು ಅಂತ ನಮಗೆ ಕಾಣ್ತದೆ. ಡ್ರೋನು ತೋರಿಸ್ತದೆ. ಆ ಮೊದಲಿನ ಚುಕ್ಕೀದು ಆಮೇಲೆ ನೋಡಿದೆ, ರಾಕೆಟ್ ಲಾರಿಯ ಪಕ್ಕ ಒಬ್ಬ ಬಕೆಟಿನಲ್ಲಿ ನೀರು ತಗಂಡು ಬರ್ತಿದ್ದ. ಬಂದು ಮುಟ್ಲಿಲ್ಲ. ಅವನ ಮನೇಲೂ ಯಾರೋ ಕೇಳ್ತಿರ್ಬಹುದು."

ಕಾವ್ಯಶ್ರೀ ಎದ್ದಳು. ಬಟ್ಟಲು ಎತ್ತಿಟ್ಟಳು. ಒಲೆಯ ಕಡೆ ಮುಖ ಮಾಡಿ ನಿಂತು, "ನಾ ಇಪ್ಪತ್ತನೇ ದಿನಕ್ಕೆ ಡ್ಯೂಟಿಗೆ ಹೋದೆ," ಎಂದಳು. "ಡಿಪೋದವ್ರು ಇನ್ನೂ ರಜೆ ಹಾಕು ಅಂದ್ರು. ಮನೇಲಿ ಕೂತು ಎಂತ ಮಾಡದು? ಮೊದಲ್ನೇ ದಿನ ನೂರಾ ನಲವತ್ತು ಚೀಟಿ ಹರಿದೆ. ಒಂದೂ ತಪ್ಪಾಗ್ಲಿಲ್ಲ. ನಂಗೆ ಹೆದರಿಕೆಯಾಗಿದ್ದು ಅದಕ್ಕೇ."

ಮೂರೂವರೆಗೆ ಉದಯ ಹೊರಟ. ಮಂಜಪ್ಪ ಎದ್ದು ಜಗಲಿಗೆ ಬಂದರು. ಮತ್ತೆ ಬಾ ಎನ್ನಲಿಲ್ಲ, ಬರಬೇಡ ಎನ್ನಲಿಲ್ಲ. "ಉಳಿದ ಐದು ಜನ ಯಾವ ಕಡೆಯವ್ರು?" ಎಂದು ಕೇಳಿದರು. ಉದಯ ಒಬ್ಬೊಬ್ಬರ ಹೆಸರು, ಊರು ಹೇಳಿದ: ಇಬ್ಬರು ಆಂಧ್ರದವರು, ಒಬ್ಬ ಹಾಸನದವ, ಒಬ್ಬ ಸೇಲಂನವ. ಐದನೆಯವ ತಾನೇ. ಮಂಜಪ್ಪ ಪ್ರತಿ ಹೆಸರಿಗೂ ಹೂಂ ಎಂದರು.

ರಜೆ ಮುಗಿಸಿ ಉದಯ ಪಲ್ಟಣಕ್ಕೆ ಮರಳಿದ. ಮೊದಲ ವಾರವೇ ತನ್ನ ಗನ್ನಿನವರನ್ನು ಕೂರಿಸಿಕೊಂಡು, ಇನ್ನು ಮುಂದೆ ಕೊನೆಯ ಗುಂಡು ಹೋದ ಮೇಲೆ ಆಂಟೆನಾ ಮುಟ್ಟಬೇಡಿ, ಇದ್ದಲ್ಲೇ ಬಿಟ್ಟು ಓಡಿ ಬನ್ನಿ ಎಂದ. ಲಾರಿಯಲ್ಲಿ ಬದಲಿ ಆಂಟೆನಾ ಎರಡು ಇಟ್ಟುಕೊಳ್ಳುವ ವ್ಯವಸ್ಥೆ ಮಾಡಿದ. ಯಾರನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಮೇಜರ್ ಸಾಹೇಬರು ಆಮೇಲೆ ತಿಳಿದು, ನಿನ್ನ ಗನ್ನು, ನಿನ್ನ ಇಷ್ಟ ಎಂದರು. ಬೇರೆ ಗನ್ನುಗಳ ಕಮಾಂಡರುಗಳಿಗೂ ಹೇಳಿ ನೋಡಿದ. ಇಬ್ಬರು ಒಪ್ಪಿದರು. ಒಬ್ಬ ಯೋಚಿಸುತ್ತೇನೆ ಎಂದ. ಇಬ್ಬರು, ಸಾಮಾನು ಬಿಟ್ಟು ಬರುವುದು ನಮ್ಮಿಂದಾಗದು ಎಂದರು. ಹೀಗೇ ಮಾಡಿ ಎಂದು ಅವರಿಗೆ ಮೇಲಿಂದ ಹೇಳುವವರು ಯಾರೂ ಇರಲಿಲ್ಲ.

ಫೆಬ್ರವರಿಯಲ್ಲಿ ಮರಳುಗಾಡಿನಲ್ಲಿ ಅಭ್ಯಾಸ ನಡೆಯಿತು. ಭರತನ ಜಾಗಕ್ಕೆ ಬಿಜಾಪುರ ಕಡೆಯ ಜವಾನನೊಬ್ಬ ಬಂದಿದ್ದ. ಕೊನೆಯ ಗುಂಡು ಹೋದದ್ದೇ ಅವನು ಎಲ್ಲವನ್ನೂ ಬಿಟ್ಟು ಮರಳಿನಲ್ಲಿ ಎದ್ದು ಬಿದ್ದು ಓಡಿ ಬಂದ. ಲಾರಿಯ ಅಂಚು ಹಿಡಿದು ಹತ್ತಿ, ಏದುಸಿರು ಬಿಡುತ್ತ ನಕ್ಕ. ಹಿಂದೆ ದಿಬ್ಬದ ಮೇಲೆ ಆಂಟೆನಾ ಒಂದೇ ನಿಂತಿತ್ತು.

ಉದಯ ಲಾರಿಯೊಳಗಿನವರನ್ನು ಎಣಿಸಿದ. ತನ್ನನ್ನೂ ಸೇರಿಸಿ ಆರು. ಮತ್ತೊಮ್ಮೆ ಎಣಿಸಿ, ಹೊರಡು ಎಂದು ಡ್ರೈವರನ ಹೆಗಲು ತಟ್ಟಿದ.